ಕುತುಬ್, ಮೆಹ್ರೌಲಿ, ರಾಷ್ಟ್ರೀಯ ವಸ್ತುಸಂಗ್ರಹಾಲಯ: ದೆಹಲಿಯ ಒಂದು ದಿನಕ್ಕೆ ಇಷ್ಟು ಸಾಕು

ಕೆಂಪುಕೋಟೆ, ಹುಮಾಯೂನನ ಸಮಾಧಿ, ಕುತುಬ್, ಲೋಟಸ್ ಟೆಂಪಲ್ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ನೋಡುವುದಕ್ಕಿಂತ ರಸ್ತೆಯಲ್ಲಿ ಕೂರುವುದೇ ಜಾಸ್ತಿ. ಅದರ ಬದಲು ಮೆಟ್ರೋದ ಹಳದಿ ಮಾರ್ಗ ಹಿಡಿಯಿರಿ: ಬೆಳಿಗ್ಗೆ ಕುತುಬ್ ಮತ್ತು ಮೆಹ್ರೌಲಿ, ಮಧ್ಯಾಹ್ನ ವಸ್ತುಸಂಗ್ರಹಾಲಯ.

ಕುತುಬ್ ಮಿನಾರ್ ಹೆಸರಿನ ಮೆಟ್ರೋ ನಿಲ್ದಾಣ ಮಿನಾರಿನ ಪಕ್ಕದಲ್ಲಿಲ್ಲ, ಅಲ್ಲಿಂದ ಆಟೋ ಬೇಕು. ಆವರಣ ಸೂರ್ಯೋದಯಕ್ಕೇ ತೆರೆಯುತ್ತದೆ. ಭಾರತೀಯರಿಗೆ ಟಿಕೆಟ್ ಆನ್‌ಲೈನಿನಲ್ಲಿ 35 ರೂಪಾಯಿ, ನಗದಿಗೆ 40. ಫೋನಿನಲ್ಲೇ ತೆಗೆದುಕೊಂಡರೆ ಸರತಿ ತಪ್ಪುತ್ತದೆ. ಮಿನಾರಿನೊಳಗೆ ಹತ್ತುವ ಆಸೆ ಬೇಡ. 1981ರ ಕಾಲ್ತುಳಿತದ ನಂತರ ಆ 379 ಮೆಟ್ಟಿಲುಗಳು ಸಾರ್ವಜನಿಕರಿಗೆ ಮುಚ್ಚಿವೆ. ಕಬ್ಬಿಣದ ಕಂಬಕ್ಕೂ ಬೇಲಿಯಿದೆ, ತಬ್ಬಿಕೊಳ್ಳಲಾಗದು. ಅದು ತುಕ್ಕು ಹಿಡಿಯದಿರುವುದಕ್ಕೆ ಮುಖ್ಯ ಕಾರಣ ಕಬ್ಬಿಣದಲ್ಲಿರುವ ರಂಜಕ: ಮೇಲ್ಮೈಯಲ್ಲಿ ತೆಳುವಾದ ರಕ್ಷಣಾ ಪದರ ಕಟ್ಟುತ್ತದೆ.

ಇಲ್ಲಿ ನಿಜವಾಗಿ ನೋಡಬೇಕಾದದ್ದು ಕಮಾನು. ದೆಹಲಿಯ ಮೊದಲ ಸುಲ್ತಾನ ಕುತುಬುದ್ದೀನ್ ಐಬಕ್ ಕಟ್ಟಿಸಿದ ಮಸೀದಿಯ ಎತ್ತರದ ತೆರೆಗೋಡೆಯ ಕಮಾನನ್ನು ಹತ್ತಿರ ನಿಂತು ಗಮನಿಸಿ. ಕಲ್ಲುಗಳು ಅಡ್ಡಡ್ಡಲಾಗಿ ಕೂತು, ಒಂದರ ಮೇಲೊಂದು ತುಸು ಮುಂಚಾಚಿ ನೆತ್ತಿಯಲ್ಲಿ ಕೂಡಿವೆ. ನಮ್ಮ ಗುಡಿಗಳ ಭುವನೇಶ್ವರಿ ಚಾವಣಿ ಏರುವುದೂ ಹೀಗೆಯೇ, ಅಂದರೆ ರೂಪ ಹೊಸತು, ಕೈ ಹಳೆಯದು. ಮಸೀದಿಯ ಅಂಗಳದ ಕಂಬಗಳಲ್ಲಿ ಗಂಟೆ–ಸರಪಳಿಯ ಕೆತ್ತನೆ ಕಾಣುತ್ತದೆ. 27 ದೇವಾಲಯಗಳ ಸಾಮಗ್ರಿ ಬಳಸಿದ್ದೆಂದು ಅಲ್ಲಿನ ಶಾಸನವೇ ಹೇಳುತ್ತದೆ. ಆಮೇಲೆ ಅದೇ ಆವರಣದ ಹೆಬ್ಬಾಗಿಲು, 1311ರ ಅಲಾಯಿ ದರ್ವಾಜಾಕ್ಕೆ ಬನ್ನಿ. ಇಲ್ಲಿ ಕಲ್ಲುಗಳು ಬೆಣೆಯಾಕಾರದವು, ಒಂದನ್ನೊಂದು ಒತ್ತಿ ಭಾರ ಹೊರುವ ನಿಜವಾದ ಕಮಾನು.

ಇವೆರಡರ ನಡುವಿನ ಕೊಂಡಿ ಮೆಹ್ರೌಲಿ ಪುರಾತತ್ವ ಉದ್ಯಾನದಲ್ಲಿದೆ: ಸುಮಾರು 1287ರ, ಸುಲ್ತಾನ ಬಲ್ಬನನ ಸಮಾಧಿ. ಚಾವಣಿ ಬಿದ್ದುಹೋಗಿದೆ, ಗೋಡೆ ಒರಟು. ಆದರೆ ಭಾರತದಲ್ಲಿ ಉಳಿದಿರುವ ಮೊದಲ ನಿಜ ಕಮಾನು ಎಂದು ಇತಿಹಾಸಕಾರರು ತೋರಿಸುವುದು ಇದನ್ನೇ. ಉದ್ಯಾನ ಕುತುಬ್ ಆವರಣಕ್ಕೆ ಹೊಂದಿಕೊಂಡಂತಿದ್ದರೂ ಬಾಗಿಲು ಬೇರೆ, ಪ್ರವೇಶ ಉಚಿತ. ಬಹುತೇಕರು ಇತ್ತ ಬರುವುದೇ ಇಲ್ಲ, ಅದು ದೊಡ್ಡ ನಷ್ಟ. 1506ರ ಮೆಟ್ಟಿಲು ಬಾವಿ ರಾಜೋಂ ಕಿ ಬಾವೋಲಿಯ ಹೆಸರು ಕೇಳಿ ಅರಸರ ಬಾವಿ ಅಂದುಕೊಳ್ಳಬೇಡಿ, 'ರಾಜ್' ಅಂದರೆ ಇಲ್ಲಿ ಗಾರೆಯವರು. ಸೂಫಿ ಕವಿ ಜಮಾಲಿ ಮತ್ತು ಕಮಾಲಿಯರ ಸಮಾಧಿಯ ಕೋಣೆಗೆ ಸಾಮಾನ್ಯವಾಗಿ ಬೀಗ ಇರುತ್ತದೆ; ಕಾವಲುಗಾರರನ್ನು ವಿನಯದಿಂದ ಕೇಳಿ ನೋಡಿ. ಉದ್ಯಾನದೊಳಗೆ ಫಲಕಗಳು ಕಡಿಮೆ, ದಾರಿಗಳು ಕವಲೊಡೆಯುತ್ತವೆ, ನೀರು ಸಿಗುವುದು ಕಷ್ಟ. ಇಬ್ಬರಿಗೆ ಎರಡು ಲೀಟರ್ ಹೊತ್ತೊಯ್ಯಿರಿ, ಕತ್ತಲಾದ ಮೇಲೆ ಹೋಗಬೇಡಿ. ಮೇ–ಜೂನ್ ಬಿಸಿಲಿನಲ್ಲಂತೂ ಈ ಸುತ್ತಾಟ ಬೇಡವೇ ಬೇಡ.

ಮಧ್ಯಾಹ್ನ ಸೆಂಟ್ರಲ್ ಸೆಕ್ರೆಟೇರಿಯಟ್ ನಿಲ್ದಾಣದಲ್ಲಿ ಇಳಿಯಿರಿ. ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ, ಟಿಕೆಟ್ 20 ರೂಪಾಯಿ. ಕೆಲವು ವಿಭಾಗಗಳು ದುರಸ್ತಿಗೆಂದು ಮುಚ್ಚಿರುವುದುಂಟು, ಕೌಂಟರಿನಲ್ಲೇ ಕೇಳಿಕೊಳ್ಳಿ. ಹರಪ್ಪಾ ವಿಭಾಗಕ್ಕೆ ಮೊದಲು ಹೋಗಿ. ಮೊಹೆಂಜೊದಾರೊದ ನರ್ತಕಿ ಬರೀ 10.5 ಸೆಂಟಿಮೀಟರ್, ಪಠ್ಯಪುಸ್ತಕದ ಚಿತ್ರ ನೆನೆದು ದೊಡ್ಡ ವಿಗ್ರಹ ಹುಡುಕುವವರು ಅವಳನ್ನು ದಾಟಿಯೇ ಹೋಗುತ್ತಾರೆ. ಶಿಲ್ಪಗಳ ನಡುವೆ ಐಹೊಳೆಯ ಹಾರುವ ಗಂಧರ್ವರ ಫಲಕವೂ ಇದೆ. ಅದರ ಮುಂದೆ ಹತ್ತು ನಿಮಿಷ ಉಳಿಸಿಕೊಳ್ಳಿ.