ಜೆಪ್ಯಾಕೇಜ್: ಜಾವಾ 8 ಬಿಟ್ಟು 17ಕ್ಕೆ ಬಂದ ಮೇಲೆ ಮೂರು ವರ್ಷದ ಬಳಕೆ (5ಕ್ಕೆ 4)

ಜಾವಾ 8 ಇದ್ದಾಗ ಗ್ರಾಹಕರ ಕಂಪ್ಯೂಟರಿನಲ್ಲಿ ಜೆಆರ್‌ಇ (ಜಾವಾ ಆ್ಯಪ್ ನಡೆಸುವ ತಂತ್ರಾಂಶ) ಹಾಕಿಸಿ, ಒತ್ತಿದರೆ ಆ್ಯಪ್ ಇಳಿದು ತೆರೆದುಕೊಳ್ಳುವ ವೆಬ್ ಸ್ಟಾರ್ಟ್ ಲಿಂಕ್ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 11ರಲ್ಲಿ ವೆಬ್ ಸ್ಟಾರ್ಟ್ ಹೋಯಿತು, ಇನ್‌ಸ್ಟಾಲರ್ ಕಟ್ಟುತ್ತಿದ್ದ ಹಳೆಯ ಜಾವಾಪ್ಯಾಕೇಜರ್ ಕೂಡ ಹೋಯಿತು. ಆ ಜಾಗಕ್ಕೆ ಬಂದದ್ದು, ಜಾವಾ ಆ್ಯಪ್‌ಗೆ ಇನ್‌ಸ್ಟಾಲರ್ ಕಟ್ಟಿಕೊಡುವ ಜೆಪ್ಯಾಕೇಜ್. ಜೆಡಿಕೆ (ಡೆವಲಪರ್‌ಗಳ ಜಾವಾ ಕಿಟ್) 14ರಲ್ಲಿ ಪ್ರಯೋಗವಾಗಿ ಶುರುವಾಗಿ, 2021ರ ಮಾರ್ಚ್‌ನಲ್ಲಿ 16ರ ಜೊತೆ ಕಾಯಂ ಆಯಿತು. ಆ್ಯಪ್ ಜೊತೆಗೇ ಅದನ್ನು ನಡೆಸುವ ಜಾವಾ ರನ್‌ಟೈಮನ್ನೂ ಕಟ್ಟಿಕೊಡುವುದರಿಂದ "ನಿಮ್ಮ ಹತ್ತಿರ ಯಾವ ಜಾವಾ ಇದೆ?" ಎಂದು ಯಾರನ್ನೂ ಕೇಳಬೇಕಿಲ್ಲ. ಇದೊಂದಕ್ಕೇ ಮೂರು ನಕ್ಷತ್ರ ಕೊಡಬಹುದು.

ವಿಂಡೋಸ್ ಇನ್‌ಸ್ಟಾಲರ್ ಮಾಡಲು ವಿಕ್ಸ್ ಟೂಲ್‌ಸೆಟ್ ಎಂಬ ಬೇರೆ ಸಾಧನ ಬೇಕು. ಜೆಡಿಕೆ 17ಕ್ಕೆ ಗೊತ್ತಿರುವುದು ವಿಕ್ಸ್ 3 ಮಾತ್ರ. ಅದು ಕ್ಯಾಂಡಲ್, ಲೈಟ್ ಎಂಬ ಎರಡು ಪ್ರೋಗ್ರಾಂಗಳನ್ನು ಹುಡುಕುತ್ತದೆ. ವಿಕ್ಸ್ 4ರಲ್ಲಿ ಅವು ಇಲ್ಲದ ಕಾರಣ ವಿಕ್ಸ್ ಸಿಗಲೇ ಇಲ್ಲ ಎನ್ನುತ್ತದೆ. 4 ಮತ್ತು 5ಕ್ಕೆ ಬೆಂಬಲ ಬಂದದ್ದು ಜೆಡಿಕೆ 24ರಲ್ಲಿ. ಇನ್ನೊಂದು ಮಿತಿ, ಎಂಎಸ್‌ಐ (ವಿಂಡೋಸ್ ಇನ್‌ಸ್ಟಾಲರ್ ಫೈಲ್) ಬೇಕಾದರೆ ವಿಂಡೋಸ್‌ನಲ್ಲೇ ಕಟ್ಟಬೇಕು, ಡೆಬ್ (ಉಬುಂಟು, ಡೆಬಿಯನ್‌ಗಳ ಪ್ಯಾಕೇಜ್) ಬೇಕಾದರೆ ಲಿನಕ್ಸ್‌ನಲ್ಲೇ.

ಅತಿ ಹೆಚ್ಚು ಎಡವುವುದು ಮಾಡ್ಯೂಲ್‌ಗಳಲ್ಲಿ, ಅಂದರೆ ಜಾವಾ ರನ್‌ಟೈಮಿನ ಬಿಡಿ ಭಾಗಗಳಲ್ಲಿ. ನೇರವಾಗಿ ಹೆಸರಿಸಿ ಬಳಸದೆ, ಸರ್ವಿಸ್ ಆಗಿ (ಆ್ಯಪ್ ನಡೆಯುವಾಗ ಹುಡುಕಿ) ಮಾತ್ರ ಲೋಡ್ ಆಗುವ ಮಾಡ್ಯೂಲ್‌ಗಳನ್ನು ಜೆಪ್ಯಾಕೇಜ್ ತಾನಾಗಿ ಸೇರಿಸುವುದಿಲ್ಲ. ಡೆವಲಪರ್ ಕಂಪ್ಯೂಟರಿನಲ್ಲಿ ಪೂರ್ತಿ ಜೆಡಿಕೆ ಇರುವುದರಿಂದ ಅಲ್ಲಿ ಎಲ್ಲವೂ ಸರಿ. ಇನ್‌ಸ್ಟಾಲ್ ಆದ ಪ್ರತಿ ಮಾತ್ರ ಕೆಡುತ್ತದೆ. 17ರಲ್ಲಿ ಎನ್‌ಕ್ರಿಪ್ಷನ್‌ನ ಜೆಡಿಕೆ.ಕ್ರಿಪ್ಟೋ.ಇಸಿ ಬಿಟ್ಟುಹೋದರೆ ಕೆಲವು ಸರ್ವರ್‌ಗಳ ಜೊತೆ ಹ್ಯಾಂಡ್‌ಶೇಕ್ (ಸುರಕ್ಷಿತ ಸಂಪರ್ಕ ಶುರುವಾಗುವ ಹಂತ) ಫೇಲ್ ಆಗುತ್ತದೆ. ಬೇರೆ ಬೇರೆ ಭಾಷೆಗಳ ಮಾಹಿತಿಯಿರುವ ಜೆಡಿಕೆ.ಲೊಕೇಲ್‌ಡೇಟಾ ಬಿಟ್ಟುಹೋದರೆ ರಸೀದಿಯಲ್ಲಿ "ಜನವರಿ" ಎಂದು ಬರಬೇಕಾದಲ್ಲಿ ಕನ್ನಡವೇ ಬರುವುದಿಲ್ಲ, ಎರರ್ ಕೂಡ ತೋರಿಸುವುದಿಲ್ಲ. ಕನ್ನಡದಲ್ಲಿ ಆ್ಯಪ್ ಕೊಡುವವರು ಇದನ್ನು ಮೊದಲ ದಿನವೇ ನೋಡಿಕೊಳ್ಳಬೇಕು. ಆ್ಯಡ್-ಮಾಡ್ಯೂಲ್ಸ್ ಆಯ್ಕೆಯಲ್ಲಿ ಎರಡನ್ನೂ ಹೆಸರು ಹಾಕಿ ಸೇರಿಸಿ. ಗಾತ್ರದ ಚಿಂತೆಯಿದ್ದರೆ ರನ್‌ಟೈಮ್ ಕಟ್ಟುವ ಸಾಧನ ಜೆಲಿಂಕ್‌ನ ಇನ್‌ಕ್ಲೂಡ್-ಲೊಕೇಲ್ಸ್ ಮೂಲಕ ಇಂಗ್ಲಿಷ್ ಮತ್ತು ಕನ್ನಡ ಮಾತ್ರ ಉಳಿಸಿಕೊಳ್ಳಬಹುದು. ಸೇರಿದೆಯೋ ಇಲ್ಲವೋ ನೋಡಲು ಇನ್‌ಸ್ಟಾಲ್ ಆದ ಜಾಗದ ರನ್‌ಟೈಮ್ ಫೋಲ್ಡರಿನಲ್ಲಿರುವ ರಿಲೀಸ್ ಎಂಬ ಪುಟ್ಟ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮಾಡ್ಯೂಲ್ಸ್ ಎಂಬ ಸಾಲಿನಲ್ಲಿ ಒಳಗಿರುವ ಎಲ್ಲದರ ಹೆಸರೂ ಇರುತ್ತದೆ.

ವಿಂಡೋಸ್‌ನಲ್ಲಿ ಕನ್ನಡ ಫೈಲುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದು ಬೇರೆ ಕಾಯಿಲೆ. ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಎನ್‌ಕೋಡಿಂಗ್ ತಾನಾಗಿ ಡೀಫಾಲ್ಟ್ ಆದದ್ದು ಜಾವಾ 18ರಿಂದ. 17ರಲ್ಲಿ ಜೆಪ್ಯಾಕೇಜ್‌ನ ಜಾವಾ-ಆಪ್ಷನ್ಸ್‌ನಲ್ಲಿ ಫೈಲ್.ಎನ್‌ಕೋಡಿಂಗ್ ಅನ್ನು ನೀವೇ ಯುಟಿಎಫ್-8 ಎಂದು ಕೊಡಬೇಕು.

ಅಪ್‌ಗ್ರೇಡ್ ವಿಷಯಕ್ಕೆ ಬಂದರೆ, ವಿನ್-ಅಪ್‌ಗ್ರೇಡ್-ಯುಯುಐಡಿ (ಹಳೆಯದೂ ಹೊಸದೂ ಒಂದೇ ಆ್ಯಪ್ ಎಂದು ವಿಂಡೋಸ್‌ಗೆ ತಿಳಿಸುವ ಗುರುತು) ಕೊಡದಿದ್ದರೆ ಜೆಪ್ಯಾಕೇಜ್ ಅದನ್ನು ಕಂಪನಿಯ ಹೆಸರು ಮತ್ತು ಆ್ಯಪ್ ಹೆಸರಿನಿಂದ ಲೆಕ್ಕ ಹಾಕುತ್ತದೆ. ಮುಂದೆ ಆ್ಯಪ್ ಹೆಸರಿನಲ್ಲಿ ಒಂದು ಅಕ್ಷರ ಬದಲಾದರೂ ಹಳೆಯದು ಹೋಗದೆ, ಗ್ರಾಹಕರ ಕಂಪ್ಯೂಟರಿನಲ್ಲಿ ಎರಡೂ ಕೂರುತ್ತವೆ. ಒಂದು ಯುಯುಐಡಿ ಮಾಡಿಕೊಂಡು, ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟು, ಮತ್ತೆ ಮುಟ್ಟಬೇಡಿ. ವರ್ಷನ್ ಸಂಖ್ಯೆ ಪ್ರತಿ ಬಿಡುಗಡೆಗೂ ಏರಲೇಬೇಕು. ಅದೇ ಸಂಖ್ಯೆಯಲ್ಲಿ ಮತ್ತೆ ಕಟ್ಟಿದ ಎಂಎಸ್‌ಐ, ಈ ಉತ್ಪನ್ನದ ಇನ್ನೊಂದು ಆವೃತ್ತಿ ಆಗಲೇ ಇದೆ ಎಂದು ನಿಂತುಬಿಡುತ್ತದೆ. ಎಂಎಸ್‌ಐ ಹೋಲಿಸುವುದು ಮೊದಲ ಮೂರು ಸಂಖ್ಯೆಗಳನ್ನು ಮಾತ್ರ. ಮೊದಲೆರಡು 255 ದಾಟುವಂತಿಲ್ಲ. ಹಾಗಾಗಿ 2024.1 ಎಂಬ ವರ್ಷದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಡಿಜಿಟಲ್ ಸಹಿಯನ್ನು ವಿಂಡೋಸ್‌ನಲ್ಲಿ ಜೆಪ್ಯಾಕೇಜ್ ಹಾಕುವುದಿಲ್ಲ. ಮೊದಲು ಆ್ಯಪ್-ಇಮೇಜ್ (ಇನ್‌ಸ್ಟಾಲರ್ ಇಲ್ಲದ ಆ್ಯಪ್ ಫೋಲ್ಡರ್) ಮಾತ್ರ ಕಟ್ಟಿ, ಒಳಗಿನ ಎಕ್ಸ್‌ಇ ಫೈಲಿನ ರೀಡ್-ಓನ್ಲಿ ಗುರುತು ತೆಗೆದು ಸೈನ್‌ಟೂಲ್ ಎಂಬ ಸಾಧನದಿಂದ ಸಹಿ ಹಾಕಿ. ಆಮೇಲೆ ಆ ಇಮೇಜ್‌ನಿಂದಲೇ ಎಂಎಸ್‌ಐ ಮಾಡಿ, ಅದಕ್ಕೂ ಸಹಿ ಹಾಕಿ. ಟೈಮ್‌ಸ್ಟ್ಯಾಂಪ್ (ಸಹಿ ಹಾಕಿದ ಸಮಯದ ಮುದ್ರೆ) ಮರೆತರೆ ಸರ್ಟಿಫಿಕೇಟ್ ಅವಧಿ ಮುಗಿದ ದಿನ ಸಹಿಯೂ ಮುಗಿಯುತ್ತದೆ.

ಲಿನಕ್ಸ್‌ನಲ್ಲಿ ಬೆಂಬಲಿಸಬೇಕಾದ ಅತಿ ಹಳೆಯ ಆವೃತ್ತಿಯ ಮೇಲೇ ಡೆಬ್ ಕಟ್ಟಿ. ಬಿಲ್ಡ್ ಕಂಪ್ಯೂಟರಿನ ಲೈಬ್ರರಿ ಪ್ಯಾಕೇಜ್ ಹೆಸರುಗಳೇ ಡೆಬ್‌ನ ಅವಲಂಬನೆ ಪಟ್ಟಿಗೆ ಸೇರುತ್ತವೆ. ಉಬುಂಟು 24.04ರಲ್ಲಿ ಹಲವು ಹೆಸರುಗಳ ಕೊನೆಗೆ ಟಿ64 ಅಂಟಿಕೊಂಡಿದೆ; ಆ ಹೆಸರುಗಳು ಡೆಬಿಯನ್ 12ರಲ್ಲಿ ಸಿಗದೆ ಇನ್‌ಸ್ಟಾಲ್ ನಿಲ್ಲುತ್ತದೆ.

ಒಂದು ನಕ್ಷತ್ರ ಕಡಿಮೆ ಮಾಡಿದ್ದು ಅಪ್‌ಡೇಟ್‌ಗಾಗಿ. ವೆಬ್ ಸ್ಟಾರ್ಟ್ ತಾನೇ ಹೊಸದನ್ನು ಎಳೆದುಕೊಳ್ಳುತ್ತಿತ್ತು, ಇದರಲ್ಲಿ ಅದಿಲ್ಲ. ಸರ್ವರ್‌ನಲ್ಲಿ ಇತ್ತೀಚಿನ ವರ್ಷನ್ ಸಂಖ್ಯೆಯ ಒಂದು ಸಣ್ಣ ಫೈಲ್ ಇಟ್ಟು, ಆ್ಯಪ್ ತೆರೆದಾಗ ಅದನ್ನು ಓದಿ, ಹೊಸ ಎಂಎಸ್‌ಐ ಇದ್ದರೆ ಇಳಿಸಿಕೊಂಡು ನಡೆಸುವ ಕೋಡ್ ನೀವೇ ಬರೆಯಬೇಕು. ವಿನ್-ಪರ್-ಯೂಸರ್-ಇನ್‌ಸ್ಟಾಲ್ ಆಯ್ಕೆಯಲ್ಲಿ ಕಟ್ಟಿದ್ದರೆ ಆಗ ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದಿಲ್ಲ.