ಟ್ಯೂರಿನ್, ಪ್ಯಾರಿಸ್, ರೋಮ್: ಯೇಸುವಿನ ಶಿಲುಬೆಯ ಕುರುಹು ನೋಡಲು ಎಲ್ಲಿಗೆ ಹೋಗೋಣ?

ಒಂದೇ ಊರಿಗೆ ಹೋಗುವಷ್ಟು ದುಡ್ಡು, ರಜೆ ಇದ್ದರೆ ಮೊದಲು ಇಟಲಿಯ ಟ್ಯೂರಿನ್ ಬಿಟ್ಟುಬಿಡಿ. ಯೇಸುವಿನ ದೇಹಕ್ಕೆ ಸುತ್ತಿದ್ದು ಎನ್ನುವ ಅಲ್ಲಿನ ಶವವಸ್ತ್ರ ಸುಮಾರು 4.4 ಮೀಟರ್ ಉದ್ದದ ಲಿನನ್ ಬಟ್ಟೆ, ಆದರೆ ಅದು ಸಾಮಾನ್ಯವಾಗಿ ಪೆಟ್ಟಿಗೆಯೊಳಗೇ ಇರುತ್ತದೆ. 2015ರಲ್ಲಿ ಜನರಿಗೆ ತೆರೆದಿಟ್ಟಿದ್ದರು. ಸುಮ್ನೆ ಹೋದರೆ ಪೆಟ್ಟಿಗೆಗೆ ಕೈಮುಗಿದು ಬರಬೇಕು. ಬಟ್ಟೆ ಎಷ್ಟು ಹಳೆಯದು ಎಂದು ತಿಳಿಯಲು 1988ರಲ್ಲಿ ಮಾಡಿದ ಕಾರ್ಬನ್ ಪರೀಕ್ಷೆ ಅದು ಕ್ರಿ.ಶ. 1260-1390ರ ನಡುವಿನದು ಎಂದಿತು, ಭಕ್ತರು ಅದಕ್ಕೆಲ್ಲ ತಲೆ ಕೆಡಿಸಿಕೊಂಡಿಲ್ಲ ಬಿಡಿ.

ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನಲ್ಲಿ ಯೇಸುವಿನ ತಲೆಗೆ ತೊಡಿಸಿದ್ದು ಎನ್ನುವ ಮುಳ್ಳಿನ ಕಿರೀಟ ಇದೆ. 2019ರ ಬೆಂಕಿಯಲ್ಲಿ ಅದನ್ನು ಉಳಿಸಿದರು, 2024ರ ಡಿಸೆಂಬರ್‌ನಲ್ಲಿ ಮತ್ತೆ ಅಲ್ಲಿಗೇ ಬಂತು. ಹತ್ತಿರದಿಂದ ನೋಡಿದರೆ ಗಾಜಿನ ಬಳೆಯೊಳಗೆ ಸುತ್ತಿಟ್ಟ ಜೊಂಡು ಹುಲ್ಲು ಅಷ್ಟೇ, ಮುಳ್ಳೇ ಇಲ್ಲ! ಒಂದೊಂದಾಗಿ ಕಿತ್ತು ರಾಜರಿಗೆ, ಚರ್ಚುಗಳಿಗೆ ಹಂಚಿಬಿಟ್ಟಿದ್ದಾರೆ. ದರ್ಶನ ಸಾಮಾನ್ಯವಾಗಿ ಶುಕ್ರವಾರ, ದಿನ ನೋಡಿಕೊಂಡೇ ಟಿಕೆಟ್ ಮಾಡಿಸಿ.

ನನ್ನ ಆಯ್ಕೆ ರೋಮ್. ಸಾಂತಾ ಕ್ರೋಚೆ ಚರ್ಚಿನಲ್ಲಿ ಶಿಲುಬೆಯ ತುಂಡುಗಳು, ಒಂದು ಮೊಳೆ, ಎರಡು ಮುಳ್ಳು, ಶಿಲುಬೆಯ ಮೇಲಿತ್ತು ಎನ್ನುವ ಬರಹದ ಹಲಗೆ ಎಲ್ಲ ಒಂದೇ ಕಡೆ ಇವೆ. ಇವನ್ನು ಜೆರುಸಲೇಮಿನಿಂದ ತಂದವಳು ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ ಹೆಲೆನಾ ಎಂಬುದು ನಂಬಿಕೆ. ಅಲ್ಲಿಂದ ನಡೆದೇ ಸ್ಕಾಲಾ ಸಾಂತಾಗೆ ಹೋಗಬಹುದು, ಯೇಸುವಿಗೆ ಶಿಕ್ಷೆ ವಿಧಿಸಿದ ರೋಮನ್ ಅಧಿಕಾರಿ ಪಿಲಾತನ ಅರಮನೆಯದು ಎನ್ನುವ 28 ಮೆಟ್ಟಿಲು, ಮೇಲೆ ಮರದ ಹೊದಿಕೆ, ಜನ ಒಂದೊಂದು ಮೆಟ್ಟಿಲಲ್ಲೂ ಪ್ರಾರ್ಥಿಸುತ್ತಾ ಮೊಣಕಾಲಲ್ಲೇ ಹತ್ತುತ್ತಾರೆ. ಮಂಡಿನೋವು ಇದ್ದವರಿಗೆ ಪಕ್ಕದಲ್ಲಿ ಬೇರೆ ಮೆಟ್ಟಿಲಿದೆ, ಸಂಕೋಚ ಬೇಡ.