ಕಾರ್ಖಾನೆ ಕಾರ್ಮಿಕರ ದನಿ ಉಳಿಸಲು ಯಾವುದು ಸರಿ: ಮೊಬೈಲಾ, ಕಾಲರ್ ಮೈಕಾ, ಮೇಜಿನ ರೆಕಾರ್ಡರಾ?

ನನ್ನ ಓಟು ಮೇಜಿನ ಮೇಲೆ ಇಡುವ ಪುಟ್ಟ ರೆಕಾರ್ಡರಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉಳಿದ ಎರಡನ್ನೂ ಬಳಸಿ ನೋಡಿ ಆಗಿದೆ. ಶುರು ಮಾಡಿದ್ದು ಕೈಯಲ್ಲಿದ್ದ ಮೊಬೈಲಿನಿಂದ. ಆಮೇಲೆ ದುಡ್ಡು ಜಾಸ್ತಿ ಹಾಕಿ ವೈರ್‌ಲೆಸ್ ಕಾಲರ್ ಮೈಕಿನ ಜೋಡಿ ತಂದೆ. ಕೊನೆಗೆ ಬಂದು ನಿಂತಿದ್ದು ಮೂರರಲ್ಲಿ ನೋಡೋಕೆ ಅತಿ ಸಾಧಾರಣವಾದ ಈ ಡಬ್ಬಿಯ ಹತ್ತಿರ.

ಕೆಲಸ ಇಷ್ಟೇ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಎದುರು ಕೂರುವುದು, ಅವರ ದುಡಿಮೆಯ ಕಥೆಯನ್ನು ಅವರದೇ ದನಿಯಲ್ಲಿ ಇಟ್ಟುಕೊಳ್ಳುವುದು. ಮಗ್ಗ ನಡೆಸಿದವರು, ಫೌಂಡ್ರಿಯಲ್ಲಿ ಕಾದ ಕಬ್ಬಿಣ ಸುರಿದವರು, ಲೇತ್ ಮುಂದೆ ನಿಂತೇ ಮುಪ್ಪಾದವರು. ಮೈಕುಗಳ ಹೋಲಿಕೆ ಬೇಕಾದಷ್ಟು ಸಿಗುತ್ತದೆ, ಆದರೆ ಅದೆಲ್ಲ ಪಾಡ್‌ಕಾಸ್ಟ್ ಮಾಡುವವರಿಗಾಗಿ ಬರೆದದ್ದು. ಅಲ್ಲಿ ಮಾತಾಡುವವರು ಮೈಕಿಗೆ ಪಳಗಿದವರು, ಕೈಕಟ್ಟಿ ಕೂತು ಒಂದೇ ಮಟ್ಟದಲ್ಲಿ ಮಾತಾಡುತ್ತಾರೆ. ನಮ್ಮವರು ಹಾಗಲ್ಲ. ಎದ್ದು ನಿಲ್ಲುತ್ತಾರೆ, ಮೇಜು ಕುಟ್ಟುತ್ತಾರೆ, ಇದ್ದಕ್ಕಿದ್ದಂತೆ ಪಿಸುಗುಡುತ್ತಾರೆ.

ಇನ್ನೊಂದು ವಿಷಯ ಕಿವಿ. ನೇಯ್ಗೆ ಶೆಡ್ಡಿನಲ್ಲಿ ಸದ್ದು ಸುಮಾರು 100 ಡೆಸಿಬಲ್ ಮುಟ್ಟುತ್ತದೆ. ದಿನಕ್ಕೆ 8 ಗಂಟೆ 85 ಡೆಸಿಬಲ್ ದಾಟಿದರೆ ಕಿವಿಗೆ ಅಪಾಯ ಅನ್ನುವುದು ಬಹಳಷ್ಟು ತಜ್ಞರು ಒಪ್ಪಿದ ಲೆಕ್ಕ. ಹಾಗೆ ಕೆಟ್ಟ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್ ಆಸುಪಾಸಿನ ಸದ್ದು. ಮನೆಮಂದಿಯ ಮಾತು ಕೇಳಿಸುತ್ತದೆ, ಆದರೆ ಸ, ಶ, ಫ ತರದ ಅಕ್ಷರಗಳು ಜಾರಿಹೋಗುತ್ತವೆ. ಹೀಗಾಗಿ ಅವರು ಜೋರಾಗಿ ಮಾತಾಡುತ್ತಾರೆ, ನಾವೂ ಜೋರಾಗಿ ಕೇಳಬೇಕು. ಅವರ ಮುಖಕ್ಕೆ ಎದುರಾಗಿ, ನಮ್ಮ ತುಟಿ ಅವರಿಗೆ ಕಾಣುವ ಹಾಗೆ ಬೆಳಕಿನಲ್ಲಿ ಕೂರಬೇಕು. ಆಗ ಮೊಬೈಲಿನ ಪರದೆ ನೋಡುತ್ತಾ ತಲೆ ತಗ್ಗಿಸಿದರೆ ಪ್ರಶ್ನೆಯೇ ಅವರಿಗೆ ತಲುಪುವುದಿಲ್ಲ.

ಮೊಬೈಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದನಿ ಪರವಾಗಿಲ್ಲ, ಶಾಂತವಾದ ಕೋಣೆಯಾದರೆ ಚೆನ್ನಾಗಿಯೇ ಬರುತ್ತದೆ. ಫ್ಲೈಟ್ ಮೋಡ್ ಹಾಕಿದರೆ ಕರೆಗಳ ಕಾಟವೂ ಇಲ್ಲ. ನಾನು ಬಿಟ್ಟದ್ದು ಬೇರೆ ಕಾರಣಕ್ಕೆ. ಮೊಬೈಲಿನಲ್ಲಿ ಉಳಿಸಿದ್ದು ಎಲ್ಲೆಲ್ಲಿಗೆ ತಾನಾಗಿ ನಕಲಾಗುತ್ತದೆ ಅಂತ ಖಚಿತವಾಗಿ ಹೇಳುವುದು ಕಷ್ಟ. ಒಬ್ಬರು ತಮ್ಮ ಕಣ್ಣೆದುರು ಆದ ಅಪಘಾತ, ಅದನ್ನು ಮುಚ್ಚಿಹಾಕಿದ ಮೇಸ್ತ್ರಿಯ ಹೆಸರು ಹೇಳಿ, ‘ಇದು ನಾನು ಸತ್ತ ಮೇಲೆ ಮಾತ್ರ ಹೊರಗೆ ಬರಲಿ’ ಅಂದಾಗ ಆ ಮಾತು ಒಂದೇ ಮೆಮೊರಿ ಕಾರ್ಡಿನಲ್ಲಿ ಇದೆ, ಇಲ್ಲಿದೆ ನೋಡಿ ಅಂತ ತೋರಿಸಲು ಆಗಬೇಕು. ಒಪ್ಪಿಗೆ ಪತ್ರದಲ್ಲಿ ಏನೇ ಬರೆದರೂ ಆ ಕಾರ್ಡು ತೋರಿಸಿದಷ್ಟು ಧೈರ್ಯ ಅವರಿಗೆ ಬರುವುದಿಲ್ಲ.

ಈಗ ಕಾಲರ್ ಮೈಕು. ನನ್ನ ಸಿಟ್ಟೆಲ್ಲ ಇದರ ಮೇಲೆ.

ಕೊಂಡಾಗ ಖುಷಿಯೇ ಆಯಿತು. ಎರಡು ಪುಟ್ಟ ಮೈಕು, ಒಂದು ಅವರಿಗೆ, ಒಂದು ನನಗೆ. ಪೆಟ್ಟಿಗೆಯಲ್ಲಿ ಇಟ್ಟರೆ ತಾನೇ ಚಾರ್ಜ್ ಆಗುತ್ತದೆ. ಮಾತು ಕಿವಿಯಲ್ಲೇ ಹೇಳಿದಷ್ಟು ಹತ್ತಿರ. ಫೌಂಡ್ರಿಯಲ್ಲಿ ಕೆಲಸ ಮಾಡಿದವರೊಬ್ಬರ ಎದೆಯ ಸುಂಯ್ ಸದ್ದು ಕೂಡ ಬಂದಿತ್ತು. ದೂಳು ಕುಡಿದ ಶ್ವಾಸಕೋಶ ಹೇಗಿರುತ್ತದೆ ಅಂತ ಯಾವ ವೈದ್ಯರ ವರದಿಯೂ ಅಷ್ಟು ನೇರವಾಗಿ ಹೇಳಲಾರದು.

ಆಮೇಲೆ ಒಬ್ಬ ಹಿರಿಯ ನೇಕಾರರ ಸರದಿ ಬಂತು. ಮಗ್ಗದಲ್ಲಿ ಅಡ್ಡನೂಲನ್ನು ಆಚೀಚೆ ಒಯ್ಯುವ ಲಾಳಿಯ ವಿಷಯ ಕೇಳಿದೆ. ಲಾಳಿಯೊಳಗೆ ಹೊಸ ಕಂಡಿಕೆ, ಅಂದರೆ ನೂಲು ಸುತ್ತಿದ ಕಡ್ಡಿ, ಹಾಕಿದಾಗ ಆ ಅಡ್ಡನೂಲನ್ನು ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಹಳೇ ಲಾಳಿಗಳಲ್ಲಿ ಬೇಗ ಆಗಬೇಕೆಂದರೆ ಒಂದೇ ಉಪಾಯ. ತೂತಿಗೆ ಬಾಯಿ ಇಟ್ಟು ಸೊರ್ರನೆ ಉಸಿರು ಎಳೆಯುವುದು. ನೂಲಿನ ಜೊತೆ ಹತ್ತಿಯ ದೂಳೂ ಒಳಗೆ, ಹಿಂದಿನ ಪಾಳಿಯವರ ಎಂಜಲೂ ಒಳಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1911ರಲ್ಲೇ ಕಾನೂನು ಮಾಡಿ ಇದನ್ನು ನಿಷೇಧಿಸಿತ್ತು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ಅದಾದ ಮೇಲೂ ದಶಕಗಟ್ಟಲೆ ನಡೆಯಿತು.

ಅವರು ಅದನ್ನು ಹೇಳಲಿಲ್ಲ, ಮಾಡಿಯೇ ತೋರಿಸಿದರು. ಎಡಗೈಯಲ್ಲಿ ಇಲ್ಲದ ಲಾಳಿ ಹಿಡಿದರು. ಬಾಯಿಗೆ ತಂದು ಸೊರ್ರ್ ಅಂದರು. ಹೆಬ್ಬೆರಳು, ತೋರುಬೆರಳ ನಡುವೆ ಇಲ್ಲದ ನೂಲು ಎಳೆದು, ಲಾಳಿಯನ್ನು ಅದರ ಜಾಗದಲ್ಲಿಟ್ಟು, ಹಿಡಿ ಜಗ್ಗಿದರು. ಆಮೇಲೆ ನಾಲಿಗೆಯಲ್ಲೇ ಮಗ್ಗ ಓಡಿಸಿದರು. ಖಟ್ ಖಟಾ ಖಟ್ ಖಟಾ. ವೇಗ ಹೇಗೆ ಏರುತ್ತಿತ್ತು, ನೂಲು ಹರಿದಾಗ ಸದ್ದು ಹೇಗೆ ಬದಲಾಗುತ್ತಿತ್ತು, ಪಕ್ಕದ ಮಗ್ಗ ಕೆಟ್ಟರೆ ತಿರುಗಿ ನೋಡದೆ ಹೇಗೆ ಗೊತ್ತಾಗುತ್ತಿತ್ತು, ಎಲ್ಲ ಬಾಯಲ್ಲೇ ಬಂತು.

ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದೆ. ಸೊರ್ರ್ ಇಲ್ಲವೇ ಇಲ್ಲ. ಖಟ್ ಖಟಾ ಇರಬೇಕಾದ ಜಾಗದಲ್ಲಿ ನೀರಿನಡಿಯಿಂದ ಯಾರೋ ಮಾತಾಡಿದಂಥ ಗುಳುಗುಳು. ಅದರ ಆಚೆ ಈಚೆ ಅವರ ಮಾತು ಮಾತ್ರ ಹೊಳೆಯುವಷ್ಟು ಸ್ವಚ್ಛ.

ಆಗಿದ್ದೇನೆಂದರೆ, ಆ ಮೈಕಿನಲ್ಲಿ ಗದ್ದಲ ಅಳಿಸುವ ಸೌಲಭ್ಯ ಇದೆ. ನಾನು ಅದನ್ನು ಆಫ್ ಮಾಡಿಯೇ ಇಟ್ಟಿದ್ದೆ. ಕಂಪನಿಯವರ ಹೊಸ ಅಪ್‌ಡೇಟ್ ಬಂದು ಕೂತಾಗ ಅದು ಹೇಳದೆ ಕೇಳದೆ ಮತ್ತೆ ಆನ್ ಆಗಿತ್ತು. ಮನುಷ್ಯನ ಮಾತಿನ ಹಾಗೆ ಕಾಣದ ಸದ್ದನ್ನೆಲ್ಲ ಕಸ ಅಂತ ಗುಡಿಸುವುದು ಅದರ ಕೆಲಸ. ರಸ್ತೆಯ ಸದ್ದಿಗೆ ಅದು ಸರಿ. ಆದರೆ ನನಗೆ ಬೇಕಾಗಿದ್ದದ್ದೇ ಆ ಕಸ, ಅಲ್ವಾ? ಕಂಪನಿಗೆ ದೂರು ಬರೆದೆ. ‘ಮಾತು ಸ್ಪಷ್ಟವಾಗಿ ಕೇಳಿಸುತ್ತಿದೆಯಲ್ಲ’ ಎಂಬ ಉತ್ತರ ಬಂತು. ಕಂಪ್ಯೂಟರಿನಲ್ಲಿ ಆಮೇಲೆ ಗದ್ದಲ ತೆಗೆದರೆ ಮೂಲ ನಮ್ಮ ಹತ್ತಿರ ಇರುತ್ತದೆ, ಬೇಡವಾದರೆ ಬಿಡಬಹುದು. ಇಲ್ಲಿ ಮೈಕಿನೊಳಗೇ ಅಳಿಸಿ ಆಮೇಲೆ ಉಳಿಸುತ್ತದೆ. ಹೋದದ್ದು ಹೋಯಿತು.

ಮತ್ತೆ ಅವರ ಹತ್ತಿರ ಹೋಗಿ ಕೇಳಿದೆ. ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದರು. ಆದರೆ ಎರಡನೇ ಸಲ ಅದು ವಿವರಣೆ ಆಯಿತು. ‘ಬಾಯಿಂದ ಎಳೀತಿದ್ವಿ ಅಂತ ಆವತ್ತು ಹೇಳಿದ್ನಲ್ಲ’ ಅಂದರು, ಅಷ್ಟೇ. ಈ ಕೆಲಸ ಮಾಡಿದವರಿಗೆಲ್ಲ ಗೊತ್ತು, ಮೊದಲ ಸಲ ಬಂದದ್ದು ಕೇಳಿದರೆ ಮತ್ತೆ ಬರುವುದಿಲ್ಲ.

ಆ ಸೌಲಭ್ಯ ಆಫ್ ಇದ್ದಾಗಲೂ ತೊಂದರೆ ಪೂರ್ತಿ ತಪ್ಪಲಿಲ್ಲ. ಕೈ ಎತ್ತಿ ತೋರಿಸುವಾಗ ಅಂಗಿ ಮೈಕಿಗೆ ಉಜ್ಜುತ್ತದೆ. ‘ನಾನೇ ಮಾಡಿದ್ದು’ ಅಂತ ಎದೆ ತಟ್ಟಿಕೊಂಡರೆ ಪೆಟ್ಟು ನೇರ ಮೈಕಿಗೆ. ದನಿಯ ಮಟ್ಟ ತಾನೇ ಹೊಂದಿಸುವ ವ್ಯವಸ್ಥೆ ಆ ಪೆಟ್ಟಿಗೆ ಹೆದರಿ ಎಲ್ಲವನ್ನೂ ತಗ್ಗಿಸುತ್ತದೆ, ಮುಂದಿನ ವಾಕ್ಯ ಅರ್ಧ ನುಂಗಿಹೋಗುತ್ತದೆ. ಹಿರಿಯರ ಎದೆಗೆ ಕೈ ಹಾಕಿ ಮೈಕ್ ಸಿಕ್ಕಿಸುವ ಮುಜುಗರ ಬೇರೆ. ಸಿಕ್ಕಿಸಿದ ಮೇಲೆ ಬಹಳ ಜನ ಕೈ ಆಡಿಸುವುದನ್ನೇ ಕಡಿಮೆ ಮಾಡುತ್ತಾರೆ, ಏನೋ ಕಿತ್ತುಹೋದೀತು ಅಂತ.

ಹಾಗಾದರೆ ಡಬ್ಬಿ ಏನು ಮಾಡುತ್ತದೆ? ಸುಮ್ನೆ ಕೂರುತ್ತದೆ. ಮೇಜಿನ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಗೇಣುದ್ದದ ಸ್ಟ್ಯಾಂಡ್, ಅದರ ಮೇಲೆ ರೆಕಾರ್ಡರ್. ಟವೆಲ್ ಮರೆಯಬಾರದು, ಮೇಜು ಕುಟ್ಟುವವರು ಖಂಡಿತ ಸಿಗುತ್ತಾರೆ. ಅವರ ಬಾಯಿಂದ ಒಂದೂವರೆ ಅಡಿ ದೂರ ಇದ್ದರೆ ಸಾಕು. ಕೋಣೆಯ ಫ್ಯಾನ್, ಗಡಿಯಾರ ಎಲ್ಲ ಸೇರುತ್ತದೆ, ಅದು ನಿಜ. ನಾನು ಫ್ಯಾನ್ ನಿಲ್ಲಿಸಿ ಬೆವರುತ್ತೇನೆ.

ಕೊಳ್ಳುವಾಗ 32 ಬಿಟ್ ಫ್ಲೋಟ್, ಅಂದರೆ ಅತಿ ಸಣ್ಣ ಸದ್ದನ್ನೂ ಅತಿ ದೊಡ್ಡ ಸದ್ದನ್ನೂ ಒಟ್ಟಿಗೇ ಹಿಡಿದಿಡುವ ವಿಧಾನ, ಇರುವುದನ್ನೇ ನೋಡಿ. ಝೂಮ್, ಟಾಸ್ಕಾಮ್ ಎರಡೂ ಕಂಪನಿಗಳ ಸಣ್ಣ ರೆಕಾರ್ಡರುಗಳಲ್ಲಿ ಈಗ ಇದು ಸಿಗುತ್ತದೆ. ಕಾಗದದ ಲೆಕ್ಕದಲ್ಲಿ ಮಾಮೂಲಿ 24 ಬಿಟ್ ವಿಧಾನಕ್ಕೆ 144 ಡೆಸಿಬಲ್ ಹರವು, ಇದಕ್ಕೆ 1500ಕ್ಕೂ ಜಾಸ್ತಿ. ಅಂಥ ಸದ್ದು ಭೂಮಿಯ ಮೇಲೆ ಎಲ್ಲೂ ಇಲ್ಲ, ಆ ಅಂಕಿಗೆ ಮರುಳಾಗಬೇಡಿ. ನಮಗೆ ಆಗುವ ಲಾಭ ಸರಳ. ಮಟ್ಟ ಹೊಂದಿಸುವ ತಲೆಬಿಸಿ ಇಲ್ಲ. ಸೈರನ್ ಹೇಗೆ ಕೂಗುತ್ತಿತ್ತು ಅಂತ ಕೂಗಿ ತೋರಿಸಿದರೂ ದನಿ ಒಡೆಯುವುದಿಲ್ಲ, ಅದರ ಹಿಂದೆಯೇ ಬಂದ ಪಿಸುಮಾತನ್ನು ಆಮೇಲೆ ಎತ್ತಿ ಕೇಳಬಹುದು. ಮೈಕಿನ ತಾಕತ್ತು ಮೀರಿದರೆ ಮಾತ್ರ ಇದೂ ಕೈಚೆಲ್ಲುತ್ತದೆ. ಕೋಣೆಯೊಳಗಿನ ಮಾತುಕತೆಯಲ್ಲಿ ಆ ಪ್ರಸಂಗ ನನಗೆ ಬಂದಿಲ್ಲ.

ಜಾಗ ಜಾಸ್ತಿ ತಿನ್ನುತ್ತದೆ. ಸೆಕೆಂಡಿಗೆ 48,000 ಸಲ ಸದ್ದು ಅಳೆಯುವ 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1.4 ಜಿಬಿ. ಹಳೇ ಟೇಪುಗಳನ್ನು ಡಿಜಿಟಲ್ ಮಾಡುವ ಸಂಗ್ರಹಾಲಯಗಳು ಪಾಲಿಸುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಅದಕ್ಕಾದರೆ ಗಂಟೆಗೆ 1 ಜಿಬಿ. ಎರಡೂ ಸರಿಯೇ. ಸದ್ದಿನ ಒಂದಷ್ಟನ್ನು ಬಿಟ್ಟೇ ಉಳಿಸುವ ಎಂಪಿ3 ಮಾತ್ರ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆಂಪು ದೀಪ ಮತ್ತು ಸ್ಟಾಪ್ ಬಟನ್. ಇವರು ಮೇಲಿನವರ ಕಣ್ಗಾವಲಿನಲ್ಲಿ ಬದುಕಿದವರು. ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತು ಒಂದೊಂದು ಕೈಚಲನೆಗೂ ಸೆಕೆಂಡು ಲೆಕ್ಕ ಹಾಕಿದವರನ್ನು ನೋಡಿದವರು. ಎದೆಯ ಮೇಲಿನ ಮೈಕು ಯಾವಾಗ ಕೇಳಿಸಿಕೊಳ್ಳುತ್ತಿದೆ, ಯಾವಾಗ ಇಲ್ಲ ಅಂತ ಅವರಿಗೆ ಕಾಣುವುದಿಲ್ಲ. ರೆಕಾರ್ಡರನ್ನು ನಾನು ಅವರ ಕೈಗೇ ಕೊಡುತ್ತೇನೆ. ಇದನ್ನು ಒತ್ತಿದರೆ ನಿಲ್ಲುತ್ತದೆ, ಕೆಂಪು ದೀಪ ಆರುತ್ತದೆ, ಯಾವಾಗ ಬೇಕಾದರೂ ಒತ್ತಿ ಅನ್ನುತ್ತೇನೆ. ಒಬ್ಬರು ಮುಷ್ಕರ ಮುರಿದವರ ವಿಷಯ ಬಂದಾಗ ಬಟನ್ ಒತ್ತಿ, ಹೇಳಬೇಕಾದದ್ದು ಹೇಳಿ, ಸ್ವಲ್ಪ ಹೊತ್ತು ಯೋಚಿಸಿ, ತಾವೇ ಮತ್ತೆ ಆನ್ ಮಾಡಿ ಅದನ್ನೇ ಇನ್ನೊಮ್ಮೆ ಹೇಳಿದರು, ಹೆಸರುಗಳನ್ನು ಬಿಟ್ಟು.

ಗುಂಪಿನಲ್ಲಿ ಕೂರಿಸಿ ಮಾತಾಡಿಸುವವರಿಗೂ ಡಬ್ಬಿಯೇ ಸರಿ. ನನ್ನ ಕಾಲರ್ ಮೈಕು ಎರಡು, ಜನ ನಾಲ್ಕು. ಆದರೆ ಗುಂಪನ್ನು ಮೊದಲು ಕೂರಿಸಬೇಡಿ. ಇಟಲಿಯ ಟೆರ್ನಿ ಎಂಬ ಉಕ್ಕಿನ ಊರಿನ ಉದಾಹರಣೆ ನೋಡಿ. ಲುಯಿಜಿ ಟ್ರಾಸ್ಟುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನೇಟೋ ಸೇನಾ ಒಕ್ಕೂಟದ ವಿರುದ್ಧದ ಮೆರವಣಿಗೆಯಲ್ಲಿ. ಅಲ್ಲಿನ ಬಹಳಷ್ಟು ಕಾರ್ಮಿಕರು ಅದನ್ನು ನೆನೆದದ್ದು 1953ರ ಸಾಮೂಹಿಕ ವಜಾ ವಿರುದ್ಧದ ಹೋರಾಟದ ಹೊತ್ತಿನ ಘಟನೆಯಾಗಿ. ಜನರ ಬಾಯಿಮಾತಿನ ಇತಿಹಾಸ ಸಂಗ್ರಹಿಸುವ ಅಲೆಸ್ಸಾಂಡ್ರೋ ಪೋರ್ತೆಲ್ಲಿ ಅವರು ಒಬ್ಬೊಬ್ಬರನ್ನೂ ಮಾತಾಡಿಸಿ ಈ ಅದಲುಬದಲನ್ನು ಗುರುತಿಸಿದರು. ಆ ಸಾವಿಗೆ ಜನ ಯಾವ ಅರ್ಥ ಕೊಟ್ಟುಕೊಂಡರು ಅನ್ನುವುದು ಆ ತಪ್ಪು ತಾರೀಖಿನಲ್ಲೇ ಇತ್ತು. ಗುಂಪಿನಲ್ಲಾದರೆ ಯಾರಾದರೊಬ್ಬರು ಇಸವಿ ತಿದ್ದುತ್ತಾರೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಗುಂಪಿನಲ್ಲಿ ಹಳೇ ಮೇಸ್ತ್ರಿ ಇದ್ದರಂತೂ ಉಳಿದವರು ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಅವರ ಮುಖ ನೋಡಿಯೇ ಬಾಯಿ ಬಿಡುವುದು.

ವಿಡಿಯೋ ಬಗ್ಗೆ ಕೇಳುವವರಿಗೆ: ಕೈಕೆಲಸ ತೋರಿಸಲು ಬೇಕು, ಇಡೀ ಮಾತಿಗೆ ಬೇಡ. ಕ್ಯಾಮೆರಾ ಕಂಡರೆ ಜನ ಬಟ್ಟೆ ಬದಲಿಸಿ, ಭಾಷೆಯನ್ನೂ ಬದಲಿಸಿ ಬರುತ್ತಾರೆ. ನಾನು ಮಾತು ಪೂರ್ತಿ ಮುಗಿದ ಮೇಲೆ ಮೊಬೈಲಿನಲ್ಲಿ ಕೈಗಳನ್ನು ಮಾತ್ರ, ಮುಖ ಬಿಟ್ಟು, ಐದು ನಿಮಿಷ ಹಿಡಿಯುತ್ತೇನೆ.

ಮಾತನ್ನು ಅಕ್ಷರಕ್ಕಿಳಿಸುವುದು ಬೇರೆಯೇ ರಾಮಾಯಣ. ಕೈಯಿಂದ ಬರೆದರೆ ಒಂದು ಗಂಟೆಯ ಮಾತಿಗೆ ಆರೆಂಟು ಗಂಟೆ ಹಿಡಿಯುತ್ತದೆ. ತಾನೇ ಬರೆಯುವ ತಂತ್ರಾಂಶಗಳು ಮೌನ ಬಂದಾಗ ಕೆಲವೊಮ್ಮೆ ಇಲ್ಲದ ವಾಕ್ಯ ಹುಟ್ಟಿಸುತ್ತವೆ. ನಾನು ಯಾವ ನಿಮಿಷದಲ್ಲಿ ಯಾವ ವಿಷಯ ಅಂತ ಪಟ್ಟಿ ಮಾತ್ರ ಮಾಡುತ್ತೇನೆ. ಕೆಂಟಕಿ ವಿಶ್ವವಿದ್ಯಾಲಯದವರು ರೂಪಿಸಿದ ಓಎಚ್‌ಎಂಎಸ್ ಎಂಬ ತಂತ್ರಾಂಶ ಅದಕ್ಕೆಂದೇ ಇದೆ.

ಒಂಟಿಯಾಗಿ ಹೋಗುವವರು, ಸದ್ದಿನ ತಂತ್ರ ಕಲಿಯಲು ಪುರುಸೊತ್ತಿಲ್ಲದವರು, ಕಡಿಮೆ ದುಡ್ಡಿನವರು, ಅಂದರೆ ನನ್ನಂಥವರು, ರೆಕಾರ್ಡರ್ ತಗೊಳ್ಳಿ. ಕಾಲರ್ ಮೈಕಿಗಿಂತ ಅಗ್ಗವಾಗಿಯೇ ಸಿಕ್ಕಿತು. ಉಳಿದ ಹಣದಲ್ಲಿ ಎರಡು ಮೆಮೊರಿ ಕಾರ್ಡು, ಎರಡು ಹಾರ್ಡ್‌ಡಿಸ್ಕ್ ಬಂತು. ಒಂದು ಡಿಸ್ಕ್ ನನ್ನ ಮನೆಯಲ್ಲಿ, ಇನ್ನೊಂದು ಬೇರೆಯವರ ಮನೆಯಲ್ಲಿ. ಬಿಡಿ ಸೆಲ್ ಹಾಕುವ ಮಾದರಿಯೇ ಆಗಲಿ, ಒಳಗೇ ಕೂತ ಬ್ಯಾಟರಿ ಯೋಜನೆ ಮುಗಿಯುವ ಮೊದಲೇ ಸೊರಗುತ್ತದೆ. ದುಡ್ಡು ಧಾರಾಳವಾಗಿದ್ದು, ಸದ್ದು ನೋಡಿಕೊಳ್ಳಲು ಜೊತೆಗೊಬ್ಬರು ಇದ್ದರೆ ಈ ಲೆಕ್ಕ ಬೇರೆ ಇರಬಹುದು.

ಕಾಲರ್ ಮೈಕನ್ನು ನಾನು ಮಾರಿಲ್ಲ. ಮುಚ್ಚಿದ ಕಾರ್ಖಾನೆಯ ಅಂಗಳದಲ್ಲಿ ಅವರ ಜೊತೆ ನಡೆಯುತ್ತಾ, ಇಲ್ಲಿ ಬಾಯ್ಲರ್ ಇತ್ತು, ಇಲ್ಲಿ ಹಾಜರಿ ಹಾಕುತ್ತಿದ್ದರು ಅಂತ ಕೇಳುತ್ತಾ ಹೋಗುವಾಗ ಮೂರರಲ್ಲಿ ಅದೇ ವಾಸಿ. ಗಾಳಿಗೆ ಅಡ್ಡವಾಗಿ ಅದರ ತುಪ್ಪಳದ ಟೋಪಿ ಹಾಕಿ, ಹೊರಡುವ ಮೊದಲು ಗದ್ದಲ ಅಳಿಸುವುದು ಆಫ್ ಆಗಿದೆಯಾ ಅಂತ ಪ್ರತಿ ಸಲವೂ ತೆರೆದು ನೋಡಿ.